ಅಟ್ಟದ ಮೇಲಿನ ಕಾಯಿ ಕೊಡಿಸಿದ ವೀಸಾ

ನಮ್ಮ ಅಟ್ಟದ ಉಂಡೆ ಕೊಬ್ಬರಿ ಕೊಳ್ಳುತ್ತಿದ್ದ ಯೂರೋಪಿನ ಅಂಗಡಿಯವರೊಬ್ಬರು, ಅವರ ಊರಿನ ಮೇಳಕ್ಕೆ ಬಂದು ಇದನ್ನು ಮಾಡುವ ಬಗೆ ತೋರಿಸಿ ಎಂದು ಕರೆದರು. ಹತ್ತು ದಿನದ ಕೆಲಸ. ನಮ್ಮ ಬಿಳಿಗೆರೆ ಕಡೆಯಿಂದ ಅಂಥದ್ದಕ್ಕೆ ಯಾರೂ ಹೋದದ್ದನ್ನು ನಾನು ಕೇಳಿರಲಿಲ್ಲ. ಹೋಗಲೇಬೇಕು ಅನ್ನಿಸಿತು.

ಬೆಂಗಳೂರಿನ ಏಜೆಂಟು ವೀಸಾ ಅರ್ಜಿ ತುಂಬಿದ. ರೈತ ಅಂದರೆ ಕೊಡುವುದಿಲ್ಲ ಎಂದು ಹೇಳಿ, ಕಸುಬು ಅನ್ನುವ ಕಡೆ ವ್ಯಾಪಾರಿ ಎಂದು ಬರೆದ. ಓದಿದವನು, ಅವನಿಗೆ ಗೊತ್ತಿರುತ್ತದೆ ಎಂದುಕೊಂಡು ಸುಮ್ಮನಾದೆ. ತೋಟದ ಪಹಣಿ ಇನ್ನೂ ಅಪ್ಪನ ಹೆಸರಿನಲ್ಲಿತ್ತು, ವ್ಯಾಪಾರಿ ಅನ್ನುವುದಕ್ಕೆ ನನ್ನ ಹತ್ತಿರ ಒಂದು ಬೋರ್ಡೂ ಇರಲಿಲ್ಲ. ಮೂರು ವಾರ ಕಾಯಿಸಿ, ವೀಸಾ ಕಚೇರಿಯವರು ಪಾಸ್‌ಪೋರ್ಟನ್ನು ಖಾಲಿ ವಾಪಸ್ ಕಳಿಸಿದರು. ಜೊತೆಗಿದ್ದ ಕಾಗದವನ್ನು ಮಗಳು ಓದಿ ಹೇಳಿದಳು: ಹೋದವರು ಹಿಂದಿರುಗುತ್ತಾರೆಂದು ನಂಬಲು ಕಾರಣ ಕಾಣುತ್ತಿಲ್ಲವಂತೆ.

ಮೈ ಉರಿದುಹೋಯಿತು. ನೆಂಟರ ಮನೆಯಲ್ಲಿ ಎರಡು ರಾತ್ರಿ ನಿಲ್ಲದ ಮನುಷ್ಯ ನಾನು. ನನ್ನ ಬಾಮೈದ ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಾ, "ಏಳನೇ ಕ್ಲಾಸಿಗೆ ಸ್ಕೂಲು ಬುಟ್ಟೋರಿಗೆ ವಿಮಾನ ಯಾಕೆ ಭಾವ, ದಬ್ಬೇಘಟ್ಟದ ಬಸ್ಸು ಐತಲ್ಲ" ಅಂದ.

ಎರಡನೇ ಸಲ ಏಜೆಂಟನಿಗೆ ಬರೆಯಲು ಬಿಡಲಿಲ್ಲ. ಕಸುಬು ತೆಂಗು ಬೆಳೆಗಾರ ಎಂದು ಹಾಕಿಸಿದೆ. ಕನ್ನಡದಲ್ಲಿ ನನ್ನ ಕೈಯಾರೆ ಒಂದು ಪುಟ ಬರೆದೆ. ಸಿಪ್ಪೆ ಸಮೇತ ಇಪ್ಪತ್ತು ಸಾವಿರ ಕಾಯಿ ಅಟ್ಟಕ್ಕೆ ಏರಿಸಿದ್ದೇನೆ, ಒಳಗಿನ ನೀರು ಇಂಗಿ ಕೊಬ್ಬರಿ ಕರಟ ಬಿಡಲು ಹತ್ತಿರ ಹತ್ತಿರ ಒಂದು ವರ್ಷ ಬೇಕು, ಈಗ ಏಳು ತಿಂಗಳಾಗಿದೆ, ಆದ್ದರಿಂದ ಈಗಲೇ ಹೋಗಿಬರಲು ಬಿಡುವು, ಇಳಿಸುವ ಹೊತ್ತಿಗೆ ನಾನು ಊರಲ್ಲಿರಲೇಬೇಕು. ಮಗಳು ಅದನ್ನು ಇಂಗ್ಲಿಷಿಗೆ ತಿರುಗಿಸಿದಳು. ಇಂಥ ಕಥೆಯನ್ನೆಲ್ಲಾ ಅವರು ಓದುವುದಿಲ್ಲ ಎಂದು ಏಜೆಂಟು ಮುಖ ಸಿಂಡರಿಸಿದ.

ಓದಿದರು. ಓದಿದ್ದಕ್ಕೇ ಮಾತಿಗೆ ಕರೆದರು. ಗಾಜಿನಾಚೆ ಒಬ್ಬ ವಿದೇಶಿ ಅಧಿಕಾರಿ, ಪಕ್ಕದಲ್ಲಿ ಕನ್ನಡ ಬಲ್ಲ ಹೆಣ್ಣುಮಗಳು. ಕಾಯಿ ಹದಕ್ಕೆ ಬಂದದ್ದು ಹೇಗೆ ಗೊತ್ತಾಗುತ್ತದೆ ಎಂದು ಅಧಿಕಾರಿ ಆಕೆಯಿಂದ ಕೇಳಿಸಿದರು. ಕಿವಿಯ ಹತ್ತಿರ ಹಿಡಿದು ಕುಲುಕಿದರೆ ಒಳಗಿನ ಉಂಡೆ ಗಡಗಡ ಅನ್ನುತ್ತದೆ ಎಂದು ಬರಿಗೈಯಲ್ಲೇ ಕುಲುಕಿ ತೋರಿಸಿದೆ. ನೀವಿಲ್ಲದಿದ್ದರೆ ಬೇರೆಯವರು ಇಳಿಸಬಹುದಲ್ಲ ಎಂದರು.

"ಇಳಿಸ್ಬೌದು ಮೇಡಂ, ಹದ ನೋಡೋರು ಯಾರು? ಬೇಗ ಒಡೆದ್ರೆ ಹಸಿ, ಮುಗ್ಗಲು ಹಿಡೀತದೆ. ವರ್ಷದ ದುಡಿಮೆ ಅಟ್ಟದ ಮೇಲೆ ಬುಟ್ಟು ನಾನು ಇವರೂರಲ್ಲಿ ಕೂತು ಏನ್ಮಾಡ್ಲಿ?"

ಆಕೆ ನಗು ತಡೆದುಕೊಂಡು ಇಂಗ್ಲಿಷಿನಲ್ಲಿ ಹೇಳಿದಳು. ಆತ ತಡೆದುಕೊಳ್ಳಲಿಲ್ಲ.

ಎಂಟನೇ ದಿನ ಪಾಸ್‌ಪೋರ್ಟು ಬಂತು, ವೀಸಾ ಅಂಟಿಸಿಕೊಂಡು. ಬಾಮೈದ ಕೈ ಒರೆಸಿಕೊಂಡು ಅದನ್ನು ತೆಗೆದುಕೊಂಡ. ಪುಟವನ್ನು ಬೆಳಕಿಗೆ ಹಿಡಿದು ನೋಡಿದ, ಹೆಬ್ಬೆರಳಿನಿಂದ ಸವರಿದ.

"ಒಳ್ಳೇ ಬಟ್ಟೆ ಹೊಲಿಸ್ಕೋಬೇಕಲ್ಲ ಭಾವ" ಅಂದ ಕೊನೆಗೆ.

ಹೊಲಿಸಿಕೊಂಡೆ. ಎರಡು ಜೊತೆ.