ಎತ್ತರ ಇಟ್ಕೊಳೋ, ಎತ್ತರ!

ಈಗಷ್ಟೇ ಕರೆಂಟ್ ಹೋಯಿತು. ನೀವು ಗಮನಿಸಿರಬೇಕು, ಕರೆಂಟ್ ಹೋದರೂ ಫ್ಯಾನ್ ತಕ್ಷಣ ನಿಲ್ಲುವುದಿಲ್ಲ. ಉಳಿದ ವೇಗದಲ್ಲಿ ಇನ್ನಷ್ಟು ಸುತ್ತು ಹೊಡೆದು, 'ವುರ್‍ರ್‍ರ್... ವುರ್... ವು...' ಎಂದು ದನಿ ಇಳಿಸಿ, ಮುನಿಸಿಕೊಂಡ ಮಾವನಂತೆ ಸುಮ್ಮನಾಗುತ್ತದೆ. ಅದರ ಜೊತೆ ನಾನೂ ಅದೇ ದನಿ ತೆಗೆದೆ.

"ಫ್ಯಾನನ್ನೂ ಬಿಡಲ್ವೇನೋ ನೀನು?" ಒಳಗಿನಿಂದ ಅಮ್ಮ.

ಯಾರನ್ನು ಬಿಟ್ಟಿದ್ದೇನೆ ಹೇಳಿ! ಕುಕ್ಕರಿನಿಂದ ಹಿಡಿದು ಬಸ್ ಕಂಡಕ್ಟರ್‌ವರೆಗೆ ಎಲ್ಲರೂ ನನ್ನ ಗಂಟಲಿನಲ್ಲಿದ್ದಾರೆ. ಆದರೆ ಈ ಫ್ಯಾನಿನ ಸದ್ದು ನನ್ನನ್ನು ನೇರ ದಟ್ಟಗಳ್ಳಿಗೆ ಒಯ್ಯುತ್ತದೆ. ಶೈಲಕ್ಕನ ಮಹಡಿ ಕೋಣೆಗೆ, ಅಲ್ಲಿನ ಕಂಪ್ಯೂಟರ್ ಆಟದಲ್ಲಿ ನಾವು ಹಾರಿಸುತ್ತಿದ್ದ ಹಳೆಯ ಕಾಲದ ಪ್ರೊಪೆಲ್ಲರ್ ಯುದ್ಧವಿಮಾನಗಳಿಗೆ.

ಶೈಲಕ್ಕ ನನ್ನ ದೊಡ್ಡಮ್ಮನ ಮಗಳು. ಹಗಲೆಲ್ಲ ಡ್ರೈವಿಂಗ್ ಸ್ಕೂಲಿನಲ್ಲಿ ಕ್ಲಚ್ಚು ಬ್ರೇಕು ಕಲಿಸಿ, ಸಂಜೆ ಶತ್ರುಗಳನ್ನು ಉರುಳಿಸುತ್ತಿದ್ದಳು. ಅವಳ ಪ್ರಕಾರ ಎತ್ತರವೆಂದರೆ ಕೂಡಿಟ್ಟ ವೇಗ. ಮೇಲಿನಿಂದ ಎರಗಿದರೆ ಎತ್ತರ ವೇಗವಾಗುತ್ತದೆ; ಆ ವೇಗ ಇರುವಾಗಲೇ ಮೂಗೆತ್ತಿದರೆ ಮತ್ತೆ ಎತ್ತರವಾಗುತ್ತದೆ. ಗಕ್ಕನೆ ತಿರುಗಿದರೋ, ಎರಡೂ ಹೋಯಿತು. ಇಳಿಜಾರಿನ ಓಟದಲ್ಲೇ ಮುಂದಿನ ಏರನ್ನು ಪೆಡಲ್ ತುಳಿಯದೆ ಹತ್ತಿದ ಸೈಕಲ್ ಸವಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನನಗೆ ಹೇಳಬೇಕಿತ್ತು. ಶತ್ರು ಕಂಡನೆಂದರೆ ಜಾಯ್‌ಸ್ಟಿಕ್ಕನ್ನು ಹೊಟ್ಟೆಗೆ ಎಳೆದುಕೊಂಡು ಅವನ ಬಾಲದ ಹಿಂದೆ ಗಿರಗಿರ ಸುತ್ತುತ್ತಿದ್ದೆ. ಸುತ್ತಿ ಸುತ್ತಿ ನನ್ನ ವಿಮಾನ ಏರು ಹತ್ತುವ ತುಂಬಿದ ಆಟೋದಂತೆ ಏದುಸಿರು ಬಿಡುತ್ತಿತ್ತು. ಆಮೇಲೆ ಢಮಾರ್.

"ಬ್ರೇಕ್ ಮೇಲೆ ಕಾಲಿಟ್ಕೊಂಡು ಆಕ್ಸಿಲರೇಟರ್ ಒತ್ತೋರನ್ನ ದಿನಾ ನೋಡ್ತೀನಿ. ಆಕಾಶದಲ್ಲೂ ಅದನ್ನೇ ಮಾಡೋನು ನೀನೊಬ್ನೇ ಕಣೋ. ಎತ್ತರ ಇಟ್ಕೊಳೋ, ಎತ್ತರ!"

ಅವಳು ಅತ್ತ ತಿರುಗಿದ್ದೇ ತಡ, ನಾನು ಅವಳದೇ ದನಿಯಲ್ಲಿ ಮೂಗಿನಿಂದ, "ಎತ್ತರ ಇಟ್ಕೊಳೋ..."

ನನ್ನನ್ನು ಅತಿ ಹೆಚ್ಚು ಸಲ ಉರುಳಿಸಿದವನು ಗೆಳೆಯ ಸಮೀರ್. ಅವನ ಅಬ್ಬಾಗೆ ಮಂಡಿ ಮೊಹಲ್ಲಾದಲ್ಲಿ ಒಣಮೆಣಸಿನಕಾಯಿಯ ಸಗಟು ಅಂಗಡಿ. ಅಷ್ಟು ವರ್ಷ ಮೂಟೆಗಳ ನಡುವೆ ಕೂತರೂ ಅವರ ಮೂಗು ಮೆಣಸಿನಕಾಯಿಗೆ ಒಗ್ಗಿರಲಿಲ್ಲ. ಕಣ್ಣು ಮುಚ್ಚಿ, "ಆ... ಆಆ..." ಎಂದು ಮೆಲ್ಲಗೆ ಮೇಲೇರಿ, ಇಡೀ ಬೀದಿಗೆ ಕೇಳುವಂತೆ "ಆಕ್ಷೀ!" ಆ ಸೀನು ನನ್ನ ಅತಿ ದೊಡ್ಡ ಐಟಂ. ಸಮೀರನ ಅಣ್ಣನ ಮದುವೆಯ ದಾವತ್‌ನಲ್ಲಿ ಮಿಮಿಕ್ರಿಗೆ ನನಗೆ ಮೈಕು ಕೊಡುವುದೆಂದು ಮಾತಾಗಿತ್ತು. ನನ್ನ ಜೀವನದ ಮೊದಲ ಸ್ಟೇಜು! ಸಮೀರ್ ನನ್ನನ್ನು ಪಕ್ಕಕ್ಕೆಳೆದ.

"ಲೋ, ಅಬ್ಬಾನ ಸೀನು ಮಾಡಿದ್ರೆ ಕೊಂದ್ಬುಡ್ತೀನಿ."

"ಅದಿಲ್ದೆ ಏನ್ ಮಾಡ್ಲೋ? ಊಟ ಇಲ್ದಿರೋ ದಾವತ್ ಥರ ಆಗುತ್ತೆ."

"ಹಂಗಾದ್ರೆ ಒಂದು ಆಟ. ಸೋತ್ರೆ ಮೈಕ್ ಮುಟ್ಟಂಗಿಲ್ಲ. ಗೆದ್ರೆ ನಿನ್ನಿಷ್ಟ."

ಭಾನುವಾರ ಮಧ್ಯಾಹ್ನ. ಅವನು ತನ್ನ ಮನೆಯಲ್ಲಿ, ನಾನು ಶೈಲಕ್ಕನ ಕುರ್ಚಿಯಲ್ಲಿ, ಇಬ್ಬರ ಕಿವಿಗೂ ಮೈಕಿರುವ ಹೆಡ್‌ಫೋನು. ಶೈಲಕ್ಕ ಪಕ್ಕದಲ್ಲೇ ಕಡಲೆಕಾಯಿ ಸುಲಿಯುತ್ತಾ ಕೂತಿದ್ದಳು. ಏನೂ ಹೇಳಿಕೊಡಬಾರದೆಂದು ಸಮೀರ್ ಅವಳಿಂದ ಆಣೆ ಹಾಕಿಸಿಕೊಂಡಿದ್ದ.

ಅವನದು ಹಗುರ ವಿಮಾನ, ನನ್ನದಕ್ಕಿಂತ ಚಿಕ್ಕ ಜಾಗದಲ್ಲಿ ತಿರುಗುತ್ತದೆ. ನಾನು ಮೇಲಿನಿಂದ ಎರಗಿದೆ, ಗುಂಡು ಹಾರಿಸಿದೆ; ಅವನು ಗಕ್ಕನೆ ತಿರುಗಿ ತಪ್ಪಿಸಿಕೊಂಡ.

"ಬಾರೋ, ತಿರುಗೋ! ಹೆದರ್ಕೊಂಡ್ಬುಟ್ಯಾ?" ಎಂದು ಕಿವಿಯೊಳಗೇ ಕೆಣಕಿದ.

ಕೈ ತುರಿಸಿತು. ಸ್ಟಿಕ್ಕು ಆಗಲೇ ಹೊಟ್ಟೆಯ ಕಡೆ ಹೊರಟಿತ್ತು. ಶೈಲಕ್ಕ ಆಣೆಗೆ ಕಟ್ಟುಬಿದ್ದು ಕಡಲೆಕಾಯಿಯನ್ನು ನುಚ್ಚುನೂರು ಮಾಡುತ್ತಿದ್ದಳು. ಆಗ, ನನ್ನ ಬಾಯಿಂದಲೇ, ಅವಳ ದನಿ ಹೊರಟುಬಿಟ್ಟಿತು: "ಎತ್ತರ ಇಟ್ಕೊಳೋ, ಎತ್ತರ!"

"ಮೋಸ! ಅಕ್ಕಾ, ಹೇಳ್ಕೊಡಂಗಿಲ್ಲ!" ಸಮೀರ್ ಕಿರುಚಿದ್ದು ಹೆಡ್‌ಫೋನು ದಾಟಿ ಕೋಣೆಗೂ ಕೇಳಿಸಿತು.

"ನಾನ್ ಬಾಯೇ ಬಿಟ್ಟಿಲ್ಲ ಕಣಪ್ಪ, ಇವ್ನೇ!" ಎಂದಳು ಶೈಲಕ್ಕ.

ವರ್ಷಗಟ್ಟಲೆ ಅಣಕಿಸಿದ ಮಾತನ್ನು ಅಂದು ಮೊದಲ ಸಲ ಪಾಲಿಸಿದೆ. ತಿರುಗಲಿಲ್ಲ. ಇದ್ದ ವೇಗವನ್ನೆಲ್ಲ ಹಿಡಿದುಕೊಂಡು ನೇರ ಮೇಲೆದ್ದೆ. ರೇಗಿದ ಸಮೀರ್ ನನ್ನ ಹಿಂದೆಯೇ ಮೂಗೆತ್ತಿ ಬಂದ. ಆದರೆ ಅವನ ವೇಗ ತಿರುಗುವುದರಲ್ಲೇ ಖರ್ಚಾಗಿತ್ತು. ಕರೆಂಟ್ ಹೋದ ಫ್ಯಾನಿನಂತೆ ನಿಧಾನವಾದ, ಇನ್ನೂ ನಿಧಾನವಾದ, ಗಾಳಿಯಲ್ಲಿ ತೂಗಾಡಿ ಒಂದು ಪಕ್ಕಕ್ಕೆ ವಾಲಿದ. ನಾನು ಮೇಲಿನಿಂದ ಮೆಲ್ಲಗೆ ಹೊರಳಿ ಇಳಿದೆ. ಡಬಡಬಡಬ!

"ಲೋ... ಲೋ ಲೋ ಲೋ..." ಎನ್ನುತ್ತಲೇ ಸಮೀರನ ವಿಮಾನ ಢಮಾರ್. ಕಡಲೆಕಾಯಿ ಸಿಪ್ಪೆ ಕೋಣೆಯ ತುಂಬ ಹಾರಿತು, ಕುಣಿದವಳು ಶೈಲಕ್ಕ.

ದಾವತ್ ದಿನ ಸ್ಟೇಜಿನ ಮೇಲೆ ಶೈಲಕ್ಕನನ್ನು ಮಾಡಿದೆ, ಸಮೀರನನ್ನು ಮಾಡಿದೆ, ಕನ್ನಡಿ ಮುಂದೆ ತಲೆ ಬಾಚುವ ನನ್ನನ್ನೂ ಮಾಡಿದೆ. ಜನ ನಕ್ಕಷ್ಟೂ ಸೀನು ನನ್ನ ಮೂಗಿನ ತುದಿಗೆ ಬಂದು ನಿಲ್ಲುತ್ತಿತ್ತು. ಮೊದಲ ಸಾಲಿನಲ್ಲಿ ಹೊಸ ಶೇರ್ವಾನಿಯ ಅಬ್ಬಾ. ಸ್ಟೇಜಿನ ಪಕ್ಕದಲ್ಲಿ ಬಿಳಿಚಿಕೊಂಡ ಸಮೀರ್. ಗೆದ್ದಿದ್ದೆ, ಕೇಳುವವರಿರಲಿಲ್ಲ. ಆದರೂ ಅವನ ಮುಖ ನೋಡಿ ಮೈಕನ್ನು ಕೆಳಗಿಳಿಸಿದೆ.

ಅಷ್ಟರಲ್ಲಿ ಮೊದಲ ಸಾಲಿನಿಂದ, "ಆ... ಆಆ... ಆಕ್ಷೀ!"

ಹಾಲ್ ಬಿದ್ದು ಬಿದ್ದು ನಕ್ಕಿತು. ಸಮೀರ್ ನನ್ನನ್ನು ಸುಡುವಂತೆ ನೋಡಿದ.

"ನಾನಲ್ಲ ಕಣ್ರೀ!" ಎಂದೆ. ಯಾರೂ ನಂಬಲಿಲ್ಲ. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ ಅಬ್ಬಾ ಮೂಗು ಒರೆಸಿಕೊಂಡು, ನನ್ನತ್ತ ಕಣ್ಣು ಮಿಟುಕಿಸಿ ಕೂಗಿದರು: "ನಂದೇ ಥರ ಮಾಡ್ದೆ ಕಣಪ್ಪ! ಇನ್ನೊಂದ್ಸಲ ಮಾಡು!"

ಕರೆಂಟ್ ಬಂತು. ಫ್ಯಾನ್ 'ವು... ವುರ್...' ಎಂದು ಏಳುತ್ತಿದೆ. ನಾನು ಬಾಯಿ ಬಿಡದೆ ಕೇಳಿಸಿಕೊಳ್ಳುತ್ತಾ ಕೂತೆ.

"ಯಾಕೋ, ಸುಮ್ನಾಗ್ಬುಟ್ಟೆ?" ಎಂದಳು ಅಮ್ಮ.

"ಎತ್ತರ ಇಟ್ಕೊಂಡಿದೀನಿ ಕಣಮ್ಮ," ಎಂದೆ.