ಒಡೆಯದ ಲಕೋಟೆ ರದ್ದಿಯಲ್ಲ

ಗೋಕಾಕದ ಹೊರವಲಯದ ರದ್ದಿ ಗೋದಾಮಿನ ತಗಡಿನ ಬಾಗಿಲು ಇನ್ನೂ ಅರ್ಧಕ್ಕಷ್ಟೇ ಮೇಲೆದ್ದಿದೆ. ಅದರಡಿ ಬಗ್ಗಿ ಒಳಹೋದ ಹನಮವ್ವ ಸೆರಗನ್ನು ಮೂಗಿಗೆ ಸುತ್ತಿಕೊಂಡು, ಒಂದು ಚೀಲವನ್ನು ನೆಲಕ್ಕೆ ಸುರಿದು, ಅದರ ಮುಂದೆ ಕಾಲು ಚಾಚಿ ಕೂತುಬಿಟ್ಟಿದ್ದಾರೆ. ಹೊರಗೆ ಬೆಳಕು ಹರಿಯುವ ಹೊತ್ತು. ಒಳಗಿನ ಒಂಟಿ ಬಲ್ಬಿನಡಿ ಅವರ ಕೈಗಳು ಆಗಲೇ ಓಡುತ್ತಿವೆ. ಪೇಪರು ಎಡಕ್ಕೆ, ಸಾಲಿ ಮಕ್ಕಳ ನೋಟುಪುಸ್ತಕ ಬಲಕ್ಕೆ, ರಟ್ಟು ಬೆನ್ನ ಹಿಂದಕ್ಕೆ. ಮದುವೆ ಕರೆಯೋಲೆಗಳ ರಾಶಿ ಬೇರೆಯೇ. ಮಿಂಚುವ ಪುಡಿ ಅಂಟಿಸಿದ ಕಾಗದ ಬೇರೆ ಕಾಗದದೊಂದಿಗೆ ಬೆರೆತರೆ ರದ್ದಿ ಕೊಳ್ಳುವವರು ತೆಗೆದುಕೊಳ್ಳುವುದಿಲ್ಲ.

"ಮೊದಲೆಲ್ಲಾ ಜನವರಿ ಬಂತಂದ್ರ ನನ್ನ ಕೈ ಹೊಳೀತಿದ್ವು ನೋಡ್ರಿ," ಎನ್ನುತ್ತಾರೆ. "ಕ್ರಿಸ್‌ಮಸ್ ಕಾರ್ಡಿನ ಚಮಕಿ. ಎಷ್ಟ ತಿಕ್ಕಿ ತೊಳದ್ರೂ ಹೋಗ್ತಿದ್ದಿಲ್ಲ. ರೊಟ್ಟಿ ಬಡದ್ರ ರೊಟ್ಟಿಗೂ ಹತ್ತತಿತ್ತು. ನಮ್ಮ ಮನಿಯವ್ರು ಬೈತಿದ್ರು."

ಮನೆಯವರೆಂದರೆ ಗಂಡ ಭೀಮಶಿ. ಸಂತೆಯಲ್ಲಿ ಮೂಟೆ ಹೊರುತ್ತಿದ್ದವರು ಸೊಂಟ ಕೆಡಿಸಿಕೊಂಡು ಮನೆ ಹಿಡಿದರು. ಅಂಕಲಗಿಯಲ್ಲಿ ಐದನೆಯವರೆಗೆ ಓದಿ, ಮದುವೆಯಾಗಿ ಗೋಕಾಕಕ್ಕೆ ಬಂದ ಹನಮವ್ವ ಅಂದಿನಿಂದ ಈ ಗೋದಾಮಿನಲ್ಲಿದ್ದಾರೆ. ಇಪ್ಪತ್ತು ವರ್ಷ ದಾಟಿರಬೇಕು. ದಿನಕ್ಕೆ ಏಳೆಂಟು ಚೀಲ ಬಿಡಿಸುತ್ತಾರೆ. ಚೀಲದಲ್ಲಿ ಏನಿರುತ್ತದೆಂದು ಹೇಳಲಾಗದು. ಒಡೆದ ಗಾಜು ಇರುತ್ತದೆ, ದವಾಖಾನೆಯ ಸೂಜಿ ಇರುತ್ತದೆ. ಅಂಗೈ ತುಂಬ ಹಳೆಯ ಗಾಯದ ಗೆರೆಗಳು. ಊರು ಸ್ವಚ್ಛವಾಗಿಟ್ಟವರಿಗೆ ಶಾಲು ಹೊದಿಸುವ ಸಮಾರಂಭ ವರ್ಷಕ್ಕೊಮ್ಮೆ ನಡೆಯುತ್ತದೆ. ಇವರು ಯಾರ ಪಟ್ಟಿಯಲ್ಲೂ ಇಲ್ಲ. ಒಮ್ಮೆ ಯಾರೋ ಬಂದು ಕೈಗವಸು ಹಂಚಿದ್ದರು. "ಫೋಟೋ ಆದ ಮ್ಯಾಲ ಅವನ್ನೂ ವಾಪಸ್ ಇಸ್ಗೊಂಡ ಹೋದ್ರು," ಎಂದು ಹನಮವ್ವ ನಗುತ್ತಾರೆ. ಕೇಳಿದವರಿಗೆ ನಗು ಬರುವುದಿಲ್ಲ.

ಕಾರ್ಡಿನ ಚಮಕಿ ವರ್ಷದಿಂದ ವರ್ಷಕ್ಕೆ ಕಡಿಮೆಯಾಯಿತು. ಎಲ್ಲರ ಹಾಗೆ ಹನಮವ್ವನೂ ಅದು ಮೊಬೈಲಿನ ಮಹಿಮೆ ಅಂದುಕೊಂಡಿದ್ದರು. ಕಳೆದ ಫೆಬ್ರುವರಿಯ ಒಂದು ಬೆಳಿಗ್ಗೆಯವರೆಗೆ.

ಅಂದು ಊರೂರಿನ ರದ್ದಿ ತರುವ ಮಾಲಿಂಗಪ್ಪನ ಟೆಂಪೊ ಎಂದಿನಂತೆ ಹುಕ್ಕೇರಿ, ಮೂಡಲಗಿ ಸುತ್ತಿ ಬಂದಿತ್ತು. ಇಳಿಸಿದ ಚೀಲಗಳಲ್ಲೊಂದರ ಬಾಯಿ ಬಿಚ್ಚಿದರೆ ಲಕೋಟೆಗಳು. ಟಿಕೆಟು ಹಚ್ಚಿದ, ವಿಳಾಸ ಬರೆದ, ಅಂಟು ಬಿಚ್ಚದ ಲಕೋಟೆಗಳು. ಕೆಲವದರ ಮೂಲೆ ಹರಿದು ಒಳಗಿನ ನಕ್ಷತ್ರ, ಕುರಿಮರಿ, ಕೆಂಪು ಟೋಪಿಯ ಅಜ್ಜ ಇಣುಕುತ್ತಿದ್ದರು. ಒಂದೇ ವರ್ಷದವಲ್ಲ, ಹಿಂದಿನ ಮೂರು ಡಿಸೆಂಬರಿನವು.

ಎಲ್ಲಿಂದ ತಂದಿ ಎಂದು ಕೇಳಿದರೆ ಮಾಲಿಂಗಪ್ಪ ಮುಚ್ಚುಮರೆ ಮಾಡಲಿಲ್ಲ. ಹುಕ್ಕೇರಿ ಕಡೆಯ ಟಪಾಲು ಕಚೇರಿಯೊಂದರ ಹಿಂದಿನ ಖೋಲಿ ಸ್ವಚ್ಛ ಮಾಡಿದ್ದರು, ಚೀಲವನ್ನು ತೂಕಕ್ಕೆ ಹಾಕಿ ಕೊಟ್ಟಿದ್ದರು.

"ರದ್ದಿ ಜೋಡಿ ಗಂಟು ಕಟ್ಟಿ ಹಾಕ್‌ಬಿಡು, ಹನಮವ್ವಾ," ಎಂದರು ಗೋದಾಮಿನ ಮಾಲೀಕ ಅಯೂಬ. ಕೆಟ್ಟವರಲ್ಲ, ಕಚೇರಿ, ಪೊಲೀಸು ಅಂದರೆ ದಿಗಿಲು. "ಸರಕಾರದ್ದು ಐತಿ. ನಮಗ್ಯಾಕ ಉಸಾಬರಿ?"

"ಸರಕಾರದ್ದಲ್ಲ ಅಣ್ಣಾ, ಮಂದಿದು," ಎಂದರು ಹನಮವ್ವ. "ಒಡದು ಓದಿದ ಮ್ಯಾಲ ರದ್ದಿ. ಒಡಿಯೂಕಿಂತ ಮೊದಲ ರದ್ದಿ ಹೆಂಗ ಆಕ್ಕೈತಿ?"

ಅರಿವೆಯಲ್ಲಿ ಗಂಟು ಕಟ್ಟಿಕೊಂಡು ಆ ಕಚೇರಿಗೇ ಹೋದರು. ಕೌಂಟರಿನವ ಗಂಟು ನೋಡಿದ, ಧೂಳು ಹತ್ತಿದ ಸೀರೆ ನೋಡಿದ.

"ಎಲ್ಲಿ ಕದ್ದಿ ಇವನ್ನ?"

"ಕದ್ದಾಕಿ ತಿರುಗಿ ತಂದು ಕೊಡ್ತಾಳೇನ್ರಿ ಸಾಹೇಬ್ರ?"

ಮಧ್ಯಾಹ್ನದವರೆಗೆ ಮೆಟ್ಟಿಲ ಮೇಲೆ ಕೂಡಿಸಿದರು. ಒಳಗೆ ಖಾಲಿ ಬೆಂಚಿತ್ತು. ಬಂದವರೆಲ್ಲ ಅವರನ್ನು ದಾಟಿಕೊಂಡೇ ಹೋದರು. ಸಿಕ್ಕಿಬಿದ್ದ ಕಳ್ಳಿ ಎಂದು ಯಾರೋ ಪಿಸುಗುಟ್ಟಿದ್ದೂ ಅವರ ಕಿವಿಗೆ ಬಿತ್ತು. ಕೊನೆಗೆ ಹಿರಿಯ ಅಧಿಕಾರಿ ಒಂದು ಹಾಳೆ ಹಿಡಿದು ಬಂದರು. ಇಲ್ಲಿ ಹೆಬ್ಬೆಟ್ಟು ಒತ್ತು, ಮನೆಗೆ ಹೋಗು ಎಂದರು. ಹನಮವ್ವ ಹಾಳೆಯನ್ನು ಬೆಳಕಿಗೆ ಹಿಡಿದು ಅಕ್ಷರ ಕೂಡಿಸಿ ಓದಿದರು. ಲಕೋಟೆಗಳು ರಸ್ತೆಯಲ್ಲಿ ಬಿದ್ದಿದ್ದವು, ತಂದೊಪ್ಪಿಸಿದ್ದೇನೆ ಎಂದು ಬರೆದಿತ್ತು.

"ನನಗ ಸಹಿ ಬರತೈತ್ರಿ. ಆದ್ರ ಇದಕ್ಕ ಮಾಡಂಗಿಲ್ಲ," ಎಂದರು. "ರಸ್ತೇದಾಗ ಸಿಕ್ಕಿಲ್ಲ ಇವು. ನೀವು ಮಾರಿದ ಚೀಲದಾಗ ಸಿಕ್ಕಾವ. ಹಂಗ ಬರೀರಿ, ಈಗಿಂದೀಗ ಸಹಿ ಮಾಡ್ತೇನಿ."

"ಹಂಗಾದ್ರ ತಗೊಂಡ ಹೋಗು. ನಮಗೂ ಇದಕ್ಕೂ ಸಂಬಂಧ ಇಲ್ಲ."

ಸಂಬಂಧವಿಲ್ಲವಂತೆ! ಯಾರೋ ಅಂಗಡಿಗೆ ಹೋಗಿ ಕಾರ್ಡು ಆರಿಸಿ, ನಾಲ್ಕು ಸಾಲು ಬರೆದು, ಟಿಕೆಟು ಹಚ್ಚಿ ನಂಬಿ ಹಾಕಿದ್ದಾರೆ. ಅದನ್ನು ಮುಟ್ಟಿಸಲೆಂದೇ ಪಗಾರ ಎಣಿಸುವವರ ಬಾಯಲ್ಲಿ ಈ ಮಾತು. ಹನಮವ್ವ ಮತ್ತೆ ಗಂಟು ಹೊತ್ತು ಊರಿಗೆ ಮರಳಿದರು. "ಕಳ್ಳಿ ಅಂದದ್ದಕ್ಕ ಅಷ್ಟ ಸಿಟ್ಟ ಬರಲಿಲ್ರಿ. ಸುಳ್ಳಿಗೆ ನನ್ನ ಹೆಬ್ಬೆಟ್ಟು ಕೇಳಿದ್ರಲ್ಲ, ಅದಕ್ಕ ಬಂತು."

ಮರುದಿನ ಕೆಲಸ ತಪ್ಪಿಸಿ ಗೋಕಾಕ ಫಾಲ್ಸಿನ ಬಸ್ಸು ಹತ್ತಿದರು. ಗಂಟಿನೊಳಗೆ ಒಂದೇ ಸೊಟ್ಟ ಕನ್ನಡ ಅಕ್ಷರದ ಮೂರು ಲಕೋಟೆಗಳಿದ್ದವು, ಮೂರೂ ಅಲ್ಲಿನ ರೂತಬಾಯಿ ಎಂಬವರಿಗೆ. ಕೇಳುತ್ತ ಹೋಗಿ ಬಾಗಿಲು ಬಡಿದರು. ರೂತಬಾಯಿ ನಿವೃತ್ತ ನರ್ಸು. ಲಕೋಟೆ ಕೈಗೆ ಬಂದದ್ದೇ ವಿಳಾಸದ ಮೇಲೆ ಬೆರಳಾಡಿಸಿದರು.

"ಸಾವಂತ್ರೆವ್ವನ ಅಕ್ಷರ!"

ಸಾವಂತ್ರೆವ್ವ ಹುಕ್ಕೇರಿ ಕಡೆಯ ರೈತರ ಮನೆಯ ಹೆಂಗಸು. ಇಬ್ಬರೂ ಒಂದೇ ದವಾಖಾನೆಯಲ್ಲಿ ದುಡಿದವರು. ಒಬ್ಬರು ನರ್ಸು, ಇನ್ನೊಬ್ಬರು ಆಯಾ. ಪ್ರತಿ ಕ್ರಿಸ್‌ಮಸ್ಸಿಗೆ ಒಬ್ಬರಿಗೊಬ್ಬರು ಕಾರ್ಡು ಹಾಕುವುದು ನಿವೃತ್ತಿಯ ನಂತರವೂ ತಪ್ಪಿರಲಿಲ್ಲ. ಮೊಣಕಾಲು ನೋವು ಹಿಡಿದು ಇಬ್ಬರೂ ಊರು ಬಿಟ್ಟು ಹೊರಡುವುದು ನಿಂತಿತು. ಸಾವಂತ್ರೆವ್ವನ ಮಗನ ಫೋನ್ ನಂಬರೂ ಬದಲಾಯಿತು. ಉಳಿದದ್ದು ಕಾರ್ಡೊಂದೇ. ಆಮೇಲೆ ಅದೂ ಬರಲಿಲ್ಲ.

"ಎರಡ ವರ್ಷ ನಾ ಹಾಕಿದ್ನಿ. ಆ ಕಡಿಂದ ಸುದ್ದಿ ಇಲ್ಲ," ಎಂದರು ರೂತಬಾಯಿ. "ಆಕಿಗೇ ಬ್ಯಾಡಾಗೈತಿ, ನನಗ್ಯಾಕ ಅಂತ ಮೂರನೇ ವರ್ಷ ನಾನೂ ಬಿಟ್ಟೆ."

ಹನಮವ್ವ ಗಂಟಿನಿಂದ ಇನ್ನೆರಡು ಲಕೋಟೆ ತೆಗೆದು ಮುಂದಿಟ್ಟರು. ಸಾವಂತ್ರೆವ್ವನ ಹೆಸರಿಗೆ ಬರೆದವು. ಅಕ್ಷರ ರೂತಬಾಯಿಯವರದೇ.

ಕಾರ್ಡು ಕಳಿಸುವ ರೂಢಿ ತಾನಾಗಿ ಸತ್ತಿತು ಎಂದು ನಾವೆಲ್ಲ ಸಲೀಸಾಗಿ ಹೇಳುತ್ತೇವೆ. ಇಲ್ಲಿ ಅದು ಸತ್ತಿರಲೇ ಇಲ್ಲ. ಬರೆಯುವವರು ಬರೆಯುತ್ತಲೇ ಇದ್ದರು. ಬಾರ್‌ಕೋಡು ಇಲ್ಲದ ಸಾದಾ ಲಕೋಟೆಯನ್ನು ಕೇಳುವವರಿಲ್ಲ ಎಂಬ ಧೈರ್ಯದಲ್ಲಿ ಯಾರೋ ಅವನ್ನು ಖೋಲಿಗೆ ತಳ್ಳಿದರು. ಬಾರದ್ದನ್ನು ನೋಡಿ ಜನ ಒಬ್ಬರ ಮೇಲೊಬ್ಬರು ಮುನಿಸಿಕೊಂಡು, ತಾವೂ ಕಳಿಸುವುದನ್ನು ಬಿಟ್ಟರು. ಅಪವಾದ ಮೊಬೈಲಿನ ತಲೆಗೆ ಬಂತು.

ಮುಂದಿನ ಭಾನುವಾರಗಳಲ್ಲಿ ಹನಮವ್ವ ಉಳಿದ ಲಕೋಟೆಗಳನ್ನು ಹೊತ್ತು ಮೂಡಲಗಿ, ಅರಭಾವಿ, ಹುಕ್ಕೇರಿ ಸುತ್ತಿದರು. ಇಂಗ್ಲಿಷ್, ಮರಾಠಿ ವಿಳಾಸಗಳನ್ನು ರೂತಬಾಯಿ ಕನ್ನಡದಲ್ಲಿ ಬರೆದುಕೊಟ್ಟಿದ್ದರು. ಕೆಲವು ಮನೆಗಳಿಗೆ ಬೀಗ. ಒಂದು ಕಡೆ ಕಾರ್ಡು ಪಡೆಯಬೇಕಾದವರೇ ತೀರಿಕೊಂಡಿದ್ದರು. ಸೊಸೆ ಇಸಿದುಕೊಂಡು ಅತ್ತೆಯ ಫೋಟೊದ ಮುಂದಿಟ್ಟಳು. ಹುಕ್ಕೇರಿಗೆ ಮಾತ್ರ ರೂತಬಾಯಿ ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ತಾವೇ ಜೊತೆಗೆ ಹೊರಟರು. ಸಾವಂತ್ರೆವ್ವ ಬಾಗಿಲಲ್ಲಿ ನಿಂತು ಮೊದಲು ಬೈದರು. "ಸತ್ತಿ ಅಂತ ತಿಳದಿದ್ನಿ ನಿನ್ನ! ಎಷ್ಟ ಅತ್ತೇನಿ ಗೊತ್ತೈತಿ?" ಆಮೇಲೆ ಇಬ್ಬರೂ ಕೈ ಹಿಡಿದುಕೊಂಡು ಸಂಜೆಯವರೆಗೆ ಬಿಡಲಿಲ್ಲ.

ರೂತಬಾಯಿ ಮೇಲಿನವರಿಗೆ ದೂರು ಬರೆದರು. ವಿಚಾರಣೆ ನಡೆಯಿತು. ಒಬ್ಬ ಹಂಗಾಮಿ ನೌಕರನನ್ನು ಮನೆಗೆ ಕಳಿಸಿ ಉಳಿದವರು ಕೈ ತೊಳೆದುಕೊಂಡರು. ಸುಳ್ಳು ಹಾಳೆ ಹಿಡಿದು ಬಂದ ಅಧಿಕಾರಿ ಅದೇ ಕುರ್ಚಿಯಲ್ಲಿದ್ದಾರೆ, ಎಲ್ಲಿ ಕದ್ದಿ ಎಂದವ ಅದೇ ಕೌಂಟರಿನಲ್ಲಿ. ತಪ್ಪಾಯಿತು ಎಂಬ ಒಂದು ಮಾತನ್ನು ಈವರೆಗೆ ಯಾರೂ ಹನಮವ್ವನಿಗೆ ಹೇಳಿಲ್ಲ. ಹೇಳಬೇಕಿತ್ತೆಂದು ಕಚೇರಿಯ ಯಾರಿಗೂ ತೋಚಿದಂತೆಯೂ ಇಲ್ಲ.

ಈ ಡಿಸೆಂಬರಿನಲ್ಲಿ ಹನಮವ್ವ ಜೀವಮಾನದಲ್ಲೇ ಮೊದಲ ಸಲ ಒಂದು ಕ್ರಿಸ್‌ಮಸ್ ಕಾರ್ಡು ಕೊಂಡಿದ್ದಾರೆ. ರೂತಬಾಯಿಯ ಹೆಸರು ತಾವೇ ಬರೆದಿದ್ದಾರೆ. ಬಸ್ಸಿನಲ್ಲಿ ಹೋಗಿ ಕೈಗೆ ಕೊಡಬಹುದಲ್ಲ ಎಂದು ಭೀಮಶಿ ಹೇಳಿದರೂ ಕೇಳದೆ, ಒಗೆದ ಸೀರೆಯುಟ್ಟು ಆ ಕಚೇರಿಗೇ ಹೋಗಿದ್ದಾರೆ.

"ಹೊರಗ ಡಬ್ಬಿ ಐತಲ್ಲ, ಅದರಾಗ ಹಾಕು," ಎಂದ ಕೌಂಟರಿನವ.

"ಇಲ್ರಿ. ಇಲ್ಲೇ, ನನ್ನ ಮುಂದ ತಾರೀಖಿನ ಶಿಕ್ಕಾ ಹೊಡೀರಿ."

"ಯಾಕ, ನಮ್ಮ ಮ್ಯಾಲ ನಂಬಿಗಿ ಇಲ್ಲೇನು?"

"ಇಲ್ರಿ," ಎಂದರು ಹನಮವ್ವ, ಕಾರ್ಡನ್ನು ಕೌಂಟರಿನ ಮೇಲಿಟ್ಟು. ಅವನು ಶಿಕ್ಕಾ ಹೊಡೆಯುವವರೆಗೆ ಅಲ್ಲಿಂದ ಕದಲಲಿಲ್ಲ.