ಗಂಧದ ಹೆಬ್ಬೆರಳು

ಗೌರಮ್ಮ ಟೀಚರ ಬಲಗೈ ಹೆಬ್ಬೆರಳು ಹುಟ್ಟುವಾಗಲೇ ಗಂಧದಲ್ಲಿ ಅದ್ದಿಕೊಂಡು ಬಂದಂತಿತ್ತು. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಮಸ್ಕಿಯ ಬೀಜದಂಗಡಿಯೊಂದರ ಮಾಳಿಗೆ ಮೇಲೆ ಅವರ ಕಂಪ್ಯೂಟರ್ ಸೆಂಟರ್. ಹೆಸರಿಗೆ ಸೆಂಟರ್, ಇದ್ದದ್ದು ಒಂದೇ ಕಂಪ್ಯೂಟರ್. ದಿನಾ ಮುಂಜಾನೆ ಟೀಚರು ಚಪ್ಪಲಿ ಹೊರಗೆ ಬಿಟ್ಟು ಬರುವರು, ಕಸೂತಿಯ ಹೊದಿಕೆ ತೆಗೆದು ಮಡಚುವರು, ಸಿಪಿಯು ಡಬ್ಬಿಯ ಮುಖಕ್ಕೆ ಗಂಧದ ಬೊಟ್ಟು ಒತ್ತುವರು, ಆಮೇಲೆ ಸ್ವಿಚ್ಚು. ಕಲಿಯಲು ಬಂದ ನಾವು ಕೀಲಿಮಣೆ ಕುಟ್ಟಿದರೆ, "ಹಗೂರಕ, ಲೇ! ಶೇಂಗಾ ಬಡಿಯಾಕ ಬಂದೀಯೇನು?"

ಇದನ್ನೆಲ್ಲ ನಾನು ಅವರ ಬೆನ್ನ ಹಿಂದೆ ಮಸ್ಕಿರಿಗೆಂದು ಅಣಕ ಮಾಡಿ ತೋರಿಸುತ್ತಿದ್ದೆ. ಪಿಯುಸಿಯಲ್ಲಿ ಡುಮ್ಕಿ ಹೊಡೆದವನಿಗೆ ಬೇರೆ ವಿದ್ಯೆ ಯಾವುದಿತ್ತು? ಬಸ್ ಕಂಡಕ್ಟರ್, ಸೋದರಮಾವ, ಕೊನೆಗೆ ರಿಸಲ್ಟ್ ನೋಡಿ ಗೋಡೆಗೆ ಒರಗಿದ ನನ್ನನ್ನೂ ಸೇರಿ, ಯಾರನ್ನೂ ಬಿಟ್ಟಿರಲಿಲ್ಲ. ಒಮ್ಮೆ ಸಿಕ್ಕಿಬಿದ್ದೆ. ಟೀಚರು ನಗಲಿಲ್ಲ, ಬೈಯಲೂ ಇಲ್ಲ. "ಹೊದಿಕಿ ಹಂಗ ಮಡಚಂಗಿಲ್ಲ ನಾ" ಎಂದು ತಿದ್ದಿ ಹೋದರು.

ರಾಯಚೂರಿನಿಂದ ತಪಾಸಣೆಯ ಸಾಹೇಬರು ಬಂದ ದಿನವೇ ಕಂಪ್ಯೂಟರ್ ಕೈಕೊಟ್ಟಿತು. 'ಕೀಂವ್' ಎನ್ನುವುದು, ಕಪ್ಪು ಪರದೆಯ ಮೇಲೆ ಬಿಳಿ ಅಂಕಿಗಳು ಓಡುವವು, ಅರ್ಧಕ್ಕೆ ಆರಿ ಮತ್ತೆ 'ಕೀಂವ್'. ಸಾಹೇಬರು ಗಡಿಯಾರ ನೋಡಿಕೊಂಡರು. "ಮಷೀನ್ ಚಾಲೂ ಇಲ್ಲಂದ್ರ ಸಹಿ ಹ್ಯಾಂಗ ಮಾಡ್ಲಿರಿ? ಚಾ ಕುಡ್ದು ಬರ್ತೀನಿ, ಅಷ್ಟರಾಗ ಏನಾರ ನೋಡ್ರಿ."

ಆ ಸಹಿ ಬೀಳದಿದ್ದರೆ ಸೆಂಟರಿಗೆ ಮಾನ್ಯತೆ ಇಲ್ಲ, ನಮ್ಮ ಯಾರ ಸರ್ಟಿಫಿಕೇಟಿಗೂ ಬೆಲೆ ಇಲ್ಲ. ಪಾಮನಕಲ್ಲೂರಿನಿಂದ ಬಸ್ಸಿಗೆ ಬರುತ್ತಿದ್ದ ರೇಣುಕಾ ಸೆರಗಿನ ತುದಿ ಹಿಂಡುತ್ತ ನಿಂತಳು. "ಸರ್ಟಿಫಿಕೇಟ್ ಸಿಗ್ಲಿಲ್ಲಂದ್ರ ಅಪ್ಪ ನಾಳಿಂದ ಕಳ್ಸಂಗಿಲ್ಲ ರೀ, ಟೀಚರ್."

ಟೀಚರು ಸೆರಗು ಸಿಕ್ಕಿಸಿ ಬಗ್ಗಿದರು. ವೈರುಗಳನ್ನು ಬಿಚ್ಚಿ ಮತ್ತೆ ಸಿಕ್ಕಿಸಿದರು. ಸ್ಟೆಬಿಲೈಸರ್ ಬಿಟ್ಟು ನೇರ ಪ್ಲಗ್ಗಿಗೆ ಹಾಕಿದರು. ಡಬ್ಬಿ ತೆರೆದು ಮೆಮೊರಿ ಪಟ್ಟಿ ಕಿತ್ತು, ರೇಣುಕಾಳ ಪೆನ್ಸಿಲ್ ರಬ್ಬರಿನಿಂದ ಅದರ ಹಲ್ಲು ತಿಕ್ಕಿ ಕೂರಿಸಿದರು. ಕೀಂವ್. ಕಪ್ಪು. ಕೀಂವ್.

"ನಿನ್ನಿ ಸಂಜಿತನಕ ಚಲೋ ಇತ್ತು. ಮುಂಜಾನೆ ನಾನೇ ಏನೋ ಮಾಡೀನಿ" ಎಂದವರು ಸರಕ್ಕನೆ ನನ್ನತ್ತ ತಿರುಗಿದರು. "ಲೇ ಶರಣ್ಯಾ, ನಾ ಬಂದಾಗಿಂದ ಏನೇನ್ ಮಾಡ್ದೆ, ಮಾಡಿ ತೋರ್ಸು."

ನಾನು ಕಾಲರ್ ಜಗ್ಗಿಕೊಂಡು ಉಗುಳು ನುಂಗಿದೆ. "ಈಗ ಮಸ್ಕಿರಿ ಮಾಡ್ಲೇನ್ರೀ, ಟೀಚರ್?"

"ಮಸ್ಕಿರಿ ಅಲ್ಲೋ. ನಾ ಮಾಡೋದು ನನಗ ಕಾಣಂಗಿಲ್ಲ, ನಿನಗ ಕಾಣ್ತೈತಿ. ಒಂದೂ ಬಿಡಬ್ಯಾಡ."

ನಾನು ಬಾಗಿಲಿಗೆ ಹೋದೆ. ಚಪ್ಪಲಿ ಬಿಟ್ಟಂತೆ ಮಾಡಿ ಒಳಬಂದೆ, ಹೊದಿಕೆಯನ್ನು ಅವರು ತಿದ್ದಿದಂತೆಯೇ ಮಡಚಿದೆ. ಸಾಹೇಬರು ಬರುವ ದಿನವೆಂದು ಟೀಚರು ಅಂದು ಗಂಧ ದಪ್ಪಗೆ ತೆಗೆದುಕೊಂಡಿದ್ದರು. ನಾನೂ ತೆಗೆದುಕೊಂಡಂತೆ ಮಾಡಿ, ಕಣ್ಣು ಮುಚ್ಚಿ, ಹೆಬ್ಬೆರಳನ್ನು ಗಾಳಿಯಲ್ಲೇ ಒತ್ತಿ ಹಿಡಿದು "ಕಾಯಪ್ಪಾ" ಎಂದೆ.

"ನಿಲ್ಲು! ಅಷ್ಟ್ ಒತ್ತಿದ್ನೇನು?"

"ಇನ್ನೂ ಜೋರ್ ರೀ."

ಮೂವರೂ ಬಗ್ಗಿದೆವು. ಬೊಟ್ಟು ಕೂತಿದ್ದದ್ದು ರೀಸೆಟ್ ಗುಂಡಿಯ ಮೇಲೆ. ಒತ್ತಿದರೆ ಕಂಪ್ಯೂಟರ್ ಮೊದಲಿನಿಂದ ಶುರುವಾಗುತ್ತದೆ ಎಂದು ನಮಗೆ ಪಾಠ ಹೇಳಿದವರೇ ಅವರು. ಮುಂಜಾನೆ ಮಾತ್ರ ಆ ಗುಂಡಿ ಅವರಿಗೆ ದೇವರ ಹಣೆಯಾಗಿಬಿಡುತ್ತಿತ್ತು. ದಿನದಿನದ ಗಂಧ ಸುತ್ತ ಒಣಗಿ, ಇಂದಿನ ಒತ್ತಿಗೆ ಗುಂಡಿ ಅರ್ಧ ಒಳಗೇ ಅಂಟಿಕೊಂಡಿತ್ತು.

ಮೆಟ್ಟಿಲ ಮೇಲೆ ಬೂಟಿನ ಸದ್ದು. ಟೀಚರು ತುರುಬಿನಿಂದ ಹೇರ್‌ಪಿನ್ ಎಳೆದು ಕೆರೆದರು. ಗುಂಡಿ ಟಕ್ಕೆಂದು ಮೇಲೆ ಬಂತು. ಕೀಂವ್. ಅಂಕಿಗಳು ಓಡಿದವು. ರೇಣುಕಾ ನನ್ನ ತೋಳನ್ನು ಎಷ್ಟು ಜೋರಾಗಿ ಹಿಡಿದಿದ್ದಳೆಂಬುದು ಪರದೆ ಬೆಳಗಿದ ಮೇಲೆಯೇ ತಿಳಿದದ್ದು.

ಸಾಹೇಬರು ಸಹಿ ಮಾಡಿ ಹೋದರು. ಟೀಚರು ಆಗಲೂ ನಗಲಿಲ್ಲ. "ತಡಿ ಲೇ, ಒಂದಿನ ನಿನ್ನ ನಾ ಮಾಡಿ ತೋರಿಸ್ತೀನಿ" ಎಂದರು. ಮರುದಿನದಿಂದ ಬೊಟ್ಟು ಗುಂಡಿಗಿಂತ ಒಂದು ಬೆರಳು ಮೇಲೆ ಬಿತ್ತು.

ಮುಂದಿನ ವರ್ಷ ಅವರಿಗೆ ಲಿಂಗಸುಗೂರಿನ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತು. ಅವರು ಹೊರಟ ದಿನ ಬಸ್ಸಿನ ಕಿಟಕಿಯ ಕೆಳಗೆ ನಿಂತು ಕಾಲರ್ ಜಗ್ಗಿಕೊಂಡೆ. ಡ್ರೈವರ್ ಗೇರ್ ಹಾಕಿದ. ಅಷ್ಟರಲ್ಲಿ ಟೀಚರು ಕುತ್ತಿಗೆ ಕುಗ್ಗಿಸಿ, ಇಲ್ಲದ ಕಾಲರ್ ಜಗ್ಗಿ, ಉಗುಳು ನುಂಗಿ, ನನ್ನದೇ ಕೀಚು ದನಿಯಲ್ಲಿ ಕೇಳಿದರು: "ಈಗ ಮಸ್ಕಿರಿ ಮಾಡ್ಲೇನ್ರೀ, ಟೀಚರ್?"

"ಕಾಲರ್ ಹಂಗ ಜಗ್ಗಂಗಿಲ್ಲ ರೀ ನಾ!" ಎಂದು ಕೂಗಿದೆ. ಕೇಳಿಸಿತೋ ಇಲ್ಲವೋ. ಆಮೇಲೆ ನಾನು ಅವರನ್ನು ಕಾಣಲಿಲ್ಲ. ಬಸ್ಸು, ಅವರು ತೊಟ್ಟ ನನ್ನ ಮುಖವನ್ನು ಕಿಟಕಿಯಲ್ಲಿ ಕೂರಿಸಿಕೊಂಡು ಲಿಂಗಸುಗೂರಿಗೆ ಹೋಯಿತು.